ಏಳನೆಯ ಮನೆಯ ಗುಂಡಿಯಮ್ಮ

ನಮ್ಮದು ಹನ್ನೆರಡು ಮನೆಗಳ ಸಾಲು. ಮನೆ ಅಂದರೆ ಒಂದೇ ಕೋಣೆ, ಹಿಂದುಗಡೆ ಒಂದು ಚಿಕ್ಕ ಬಚ್ಚಲು. ಒಂದು ಮನೆಗೂ ಇನ್ನೊಂದಕ್ಕೂ ನಡುವೆ ಒಂದೇ ಗೋಡೆ, ಅದೂ ಒಂದು ಇಟ್ಟಿಗೆಯಷ್ಟೇ ದಪ್ಪ. ಆರನೆಯದು ನನ್ನದು. ಏಳನೆಯದು ಗುಂಡಿಯಮ್ಮನದು.

ಗುಂಡಿಯಮ್ಮ ಅನ್ನುವುದು ಸಾಲಿನ ಮಕ್ಕಳು ಇಟ್ಟ ಹೆಸರು. ಅವಳು ಬಟ್ಟೆ ಹೊಲಿಯುವವಳು. ಹೊಲಿಗೆ ಯಂತ್ರವನ್ನು ನನ್ನ ಗೋಡೆಗೆ ಒತ್ತಿ ಇಟ್ಟಿದ್ದಾಳೆ. ಅದರ ಮೇಲೆ ಒಂದು ತೆಳು ತಗಡಿನ ಮುಚ್ಚಳ, ಮುಚ್ಚಳದಲ್ಲಿ ಇಪ್ಪತ್ತು ಮೂವತ್ತು ಅಂಗಿಯ ಗುಂಡಿಗಳು. ಅವು ಯಾಕೆ ಅಲ್ಲಿವೆ ಅಂತ ಆಮೇಲೆ ಹೇಳುತ್ತೇನೆ.

ಅವಳಿಗೆ ಕಿವಿ ಕೇಳಿಸುವುದಿಲ್ಲ. ಇಪ್ಪತ್ತೆರಡು ವರ್ಷ ಬಟ್ಟೆ ಮಿಲ್ಲಿನಲ್ಲಿ ಮಗ್ಗದ ಮುಂದೆ ನಿಂತವಳು. ಮೊದಲು ಎಡಗಿವಿ ಹೋಯಿತು, ಆಮೇಲೆ ಬಲಗಿವಿ. ಮಿಲ್ಲಿನ ಡಾಕ್ಟರು ನೋಡಿ, "ವಯಸ್ಸಾಯ್ತಲ್ಲಮ್ಮ" ಅಂದರಂತೆ. ಆಗ ಅವಳಿಗೆ ನಲವತ್ತೊಂದು. ಮದುವೆಯಾಗಿಲ್ಲ, ಒಡಹುಟ್ಟಿದವರು ಉಳಿದಿಲ್ಲ. ಎದುರಿಗಿದ್ದವರ ತುಟಿ ನೋಡಿ ಮಾತು ತಿಳಿದುಕೊಳ್ಳುತ್ತಾಳೆ. ತನ್ನ ದನಿ ತನಗೆ ಕೇಳಿಸದ್ದರಿಂದ ಮಾತೆಲ್ಲ ಜೋರು. ಒಂದು ಸಲ ನನ್ನನ್ನು ಮೂಲೆಗೆ ಎಳೆದು, "ಅಕ್ಕಾ, ಯಾರಿಗೂ ಹೇಳ್ಬೇಡ, ಮೂರನೇ ಮನೆಯವಳ ಗಂಡ ಹಲ್ಲುಸೆಟ್ಟು ಕಳ್ಕೊಂಡಿದ್ದಾನೆ" ಅಂದಳು. ಮೂರನೇ ಮನೆಯಿಂದಲೇ ಉತ್ತರ ಬಂತು: "ಸಿಕ್ತು ಅಂತ ಹೇಳಿ ಅವಳಿಗೆ!"

ಒಂಬತ್ತು ವರ್ಷದ ಹಿಂದೆ ನಾಲ್ಕನೆಯ ಮನೆಯ ಬಡಗಿ ಬಚ್ಚಲಲ್ಲಿ ಜಾರಿ ಬಿದ್ದ. ಸೊಂಟ ಮುರಿದಿತ್ತು. ಎರಡು ದಿನ ಅಲ್ಲೇ ಬಿದ್ದಿದ್ದ. ಆ ಎರಡು ದಿನದಲ್ಲಿ ನಾನು ಅವನ ಬಾಗಿಲ ಮುಂದೆ ನೀರಿನ ಕೊಡ ಹೊತ್ತು ನಾಲ್ಕು ಸಲ ಹೋಗಿ ಬಂದಿದ್ದೆ. ಬಾಗಿಲು ತೆಗೆಸುವ ಹೊತ್ತಿಗೆ ಜೀವ ಹೋಗಿತ್ತು. ಅವನನ್ನು ಮಣ್ಣು ಮಾಡಿ ಬಂದ ಸಂಜೆ ಎಲ್ಲರೂ ಹೊರಗೆ ಸುಮ್ಮನೆ ಕೂತಿದ್ದೆವು. ಗುಂಡಿಯಮ್ಮ ಎದ್ದು ನಿಂತಳು.

"ಯಾರ ಮನೇಲಿ ಯಾರು ಜಗಳ ಆಡಿದ್ರೂ ನಿಮಗೆಲ್ಲ ಕೇಳಿಸುತ್ತೆ. ಮನುಷ್ಯ ಬಿದ್ದಿದ್ದು ಮಾತ್ರ ಕೇಳಿಸಲಿಲ್ಲ. ನಾನು ಕಿವುಡಿ. ನಿಮಗೇನಾಗಿತ್ತು?"

ಮಾರನೆಯ ದಿನದಿಂದಲೇ ಅವಳು ಈ ಪದ್ಧತಿ ಹಾಕಿದಳು. ಬೆಳಗ್ಗೆ ಆರೂವರೆಗೆ ಒಂದನೆಯ ಮನೆಯವರು ಎರಡನೆಯ ಮನೆಯ ಗೋಡೆಯನ್ನು ಅಂಗೈಯಿಂದ ಮೂರು ಸಲ ತಟ್ಟಬೇಕು. ಎರಡನೆಯವರು ಮೂರನೆಯವರಿಗೆ. ಹೀಗೆ ಹನ್ನೆರಡರವರೆಗೆ. ಹನ್ನೆರಡನೆಯವರು ನಡೆದು ಬಂದು ಒಂದನೆಯ ಮನೆಯ ಬಾಗಿಲು ತಟ್ಟಬೇಕು. ತಟ್ಟಿದ್ದು ಬರದಿದ್ದರೆ ಕಾಯುವ ಹಾಗಿಲ್ಲ, ಎದ್ದು ಹೋಗಿ ತಟ್ಟಬೇಕಾಗಿದ್ದವರ ಬಾಗಿಲು ಬಡಿಯಬೇಕು. ತೆಗೆಯದಿದ್ದರೆ ಮುರಿಯಬೇಕು. ನಾನು ತಟ್ಟಿದ್ದು ಅವಳಿಗೆ ಕೇಳಿಸುವುದಿಲ್ಲವಲ್ಲ, ಅದಕ್ಕೇ ಆ ಮುಚ್ಚಳ. ಗೋಡೆ ಅದುರಿದರೆ ಗುಂಡಿಗಳು ಕುಣಿಯುತ್ತವೆ. ಅವಳು ಆರೂಕಾಲಿಗೇ ಚಹಾ ಹಿಡಿದು ಅದರ ಮುಂದೆ ಕೂತಿರುತ್ತಾಳೆ.

ಮುರಿದದ್ದೂ ಆಯಿತು. ಒಂದು ದಿನ ಐದನೆಯ ಮನೆಯ ಪೇಂಟರು ನನ್ನ ಗೋಡೆ ತಟ್ಟಲಿಲ್ಲ. ನಾನು ಹೋಗಿ ಬಡಿದೆ, ಕೂಗಿದೆ. ಐದಾರು ಜನ ಸೇರಿ ಅಗುಳಿ ಕಿತ್ತು ಒಳಗೆ ನುಗ್ಗಿದೆವು. ಅವನು ಹಿಂದಿನ ದಿನದ ಕೆಲಸಕ್ಕೆ ಸುಸ್ತಾಗಿ ಹೆಣದ ಹಾಗೆ ಮಲಗಿದ್ದ. ಕಂಬಳಿ ಸುತ್ತಿಕೊಂಡು ಎದ್ದು ಕೂತು, "ಬದುಕಿದ್ದೀನಿ ಕಣ್ರೀ! ಬೇಜಾರಾಯ್ತಾ?" ಅಂದ.

"ಸ್ವಲ್ಪ ಆಯ್ತಪ್ಪ," ಅಂದಳು ಗುಂಡಿಯಮ್ಮ. "ಬಾಗಿಲು ಸುಮ್ಮನೆ ಹಾಳಾಯ್ತು."

ನಾಲ್ಕು ವರ್ಷದ ಹಿಂದಿನ ಬೇಸಿಗೆ ಬಹಳ ಕೆಟ್ಟದ್ದು. ಊರಿನಲ್ಲಿ ಒಂಟಿಯಾಗಿದ್ದ ಎಷ್ಟೋ ಮಂದಿ ಸೆಕೆಗೆ ಕೋಣೆಯಲ್ಲೇ ತೀರಿಕೊಂಡರು. ನಮ್ಮ ಸಾಲಿನಲ್ಲಿ ಒಬ್ಬರೂ ಹೋಗಲಿಲ್ಲ. ಆದರೂ ಆರೋಗ್ಯದ ಕಚೇರಿಯವರು ಪಟ್ಟಿ ಮಾಡಿದರು: ವಯಸ್ಸಾದವರು, ಒಂಟಿಯವರು, ಅಂಗ ಊನವಾದವರು. ಮೂರರಲ್ಲೂ ಗುಂಡಿಯಮ್ಮನ ಹೆಸರಿತ್ತು. ಅವಳನ್ನು ಊರಾಚೆಯ ಆರೈಕೆ ಮನೆಗೆ ಸೇರಿಸಬೇಕು ಅಂತ ಒಬ್ಬ ಅಧಿಕಾರಿ ಬಂದ. ಬೀದಿಯ ತುದಿಯಲ್ಲಿ ಗಾಡಿ ನಿಂತಿತ್ತು. ಆ ಮನೆಗೆ ಇಲ್ಲಿಂದ ಎರಡು ಬಸ್ಸು ಬದಲಾಯಿಸಬೇಕು. ಹೋದವರನ್ನು ನೋಡಲು ತಿಂಗಳಿಗೆ ಒಂದು ದಿನ ಬಿಡುತ್ತಾರೆ.

ಅವನು ಕೆಟ್ಟವನಲ್ಲ. ಚಪ್ಪಲಿ ಹೊರಗೆ ಬಿಟ್ಟು ಬಂದ. ಆದರೆ ಕಾಗದ ನೋಡಿಕೊಂಡೇ ಮಾತಾಡುತ್ತಿದ್ದ.

"ಮುಖ ಎತ್ತಿ ಮಾತಾಡಪ್ಪ," ಅಂದಳು ಗುಂಡಿಯಮ್ಮ. "ನಿನ್ನ ತಲೆಗೂದಲು ಓದೋಕೆ ನನಗೆ ಬರಲ್ಲ."

ಅವನು ಮುಖ ಎತ್ತಿದ. "ಅಲ್ಲಿ ಹಾಸಿಗೆ ಇದೆ, ಊಟ ಇದೆ, ಡಾಕ್ಟರು ದಿನಾ ಬರ್ತಾರೆ, ಅಮ್ಮ."

"ಹೊಲಿಗೆ ಯಂತ್ರ?"

"ಅದು ಬೇಡ. ಸದ್ದಾಗುತ್ತೆ."

"ಸದ್ದಾ? ನನಗೆ ಇಷ್ಟು ವರ್ಷದಲ್ಲಿ ಒಂದು ಸಲಾನೂ ಕೇಳಿಸಿಲ್ಲವಲ್ಲ!"

ಹೊರಗೆ ಜನ ಸೇರಿದ್ದರು, ನಕ್ಕರು. ಅವನಿಗೆ ನಗು ಬರಲಿಲ್ಲ. ಬೆಂಕಿ ಬಿದ್ದರೆ, ಯಾರಾದರೂ ಕೂಗಿದರೆ, ಈಕೆಗೆ ಗೊತ್ತಾಗುವುದು ಹೇಗೆ ಅಂತ ಕೇಳಿದ. ಗುಂಡಿಯಮ್ಮ ಅವನನ್ನು ನನ್ನ ಮನೆಗೆ ಕಳಿಸಿದಳು, ಗೋಡೆ ತಟ್ಟು, ಗೊತ್ತಾದ ಕೂಡಲೇ ಕೂಗಿ ಹೇಳ್ತೀನಿ ಅಂತ. ನಾನೂ ಜೊತೆಗೆ ಹೋದೆ. ಅವನು ಜೇಬಿನಿಂದ ಪೆನ್ನು ತೆಗೆದು ಅದರ ಹಿಂಬದಿಯಿಂದ ಟಕ್ ಟಕ್ ಅಂತ ಎರಡು ಸಲ ಮುಟ್ಟಿಸಿದ. ಆ ಕಡೆ ಏನೂ ಇಲ್ಲ.

"ನೋಡಿದ್ರಾ?" ಅಂದ.

"ಹಾಗಲ್ಲ ಸ್ವಾಮಿ, ಅಂಗೈಯಿಂದ."

"ಅಮ್ಮ, ಅಪಾಯ ಬಂದಾಗ ಯಾರು ಸರಿಯಾಗಿ ತಟ್ತಾ ಕೂತ್ಕೋತಾರೆ?"

ಆ ಮಾತು ಸುಳ್ಳಲ್ಲ. ಆದರೂ ಅವನಿಗೆ ನನ್ನ ಬಚ್ಚಲು ತೋರಿಸಿದೆ. ಅದರ ಹಿಂದಿನ ಚಳಿಗಾಲದಲ್ಲಿ ರಕ್ತದಲ್ಲಿ ಸಕ್ಕರೆ ಕಡಿಮೆಯಾಗಿ ಅಲ್ಲಿ ನಾನು ಬಿದ್ದಿದ್ದೆ. ಕೂಗಲು ದನಿ ಇರಲಿಲ್ಲ, ತಟ್ಟಲು ಕೈ ಏಳಲಿಲ್ಲ. ಕಿವಿ ಚೆನ್ನಾಗಿರುವ ಪೇಂಟರು ನನಗೆ ತಟ್ಟಿ, ತನ್ನ ಕೆಲಸ ಮುಗಿಯಿತು ಅಂತ ಸ್ನಾನಕ್ಕೆ ಹೋಗಿದ್ದ. ಆರೂ ಮೂವತ್ತೈದಾದರೂ ಗುಂಡಿಗಳು ಅಲುಗಲಿಲ್ಲ ಅಂತ ಬಂದವಳು ಈ ಕಿವುಡಿ. ಬೆರಳಿನಿಂದ ನನ್ನ ಒಸಡಿಗೆ ಸಕ್ಕರೆ ಹಚ್ಚಿದವಳೂ ಅವಳೇ.

"ನೀವು ಅವಳನ್ನ ನೋಡ್ಕೊಳ್ಳೋರು ಯಾರು ಅಂತ ಕೇಳ್ತಿದ್ದೀರಿ," ಅಂದೆ. "ಅವಳನ್ನ ಕರ್ಕೊಂಡು ಹೋದ್ರೆ ನನ್ನನ್ನ ನೋಡ್ಕೊಳ್ಳೋರು ಯಾರು? ಅದನ್ನ ಪಟ್ಟಿಯಲ್ಲಿ ಎಲ್ಲಿ ಬರ್ಕೊಂಡಿದ್ದೀರಿ?"

ಅವನು ಬಚ್ಚಲನ್ನು ಇನ್ನೊಂದು ಸಲ ನೋಡಿ, ಹೊರಗೆ ಬಂದು ಚೀಲದಿಂದ ಬೇರೊಂದು ಕಾಗದ ತೆಗೆದ. ಹೋಗುವುದಿಲ್ಲ ಅನ್ನುವವರಿಗೆ ಅದು. ಜವಾಬ್ದಾರಿ ಹೊರುವವರು ಹೆಸರು ಬರೆದು, ಅದರ ಮುಂದೆ ಏನು ಸಂಬಂಧ ಅಂತ ಬರೆದು ಸಹಿ ಹಾಕಬೇಕು.

"ನಾನು ಹಾಕ್ತೀನಿ," ಅಂದೆ. ಅಕ್ಷರ ಜೋಡಿಸಲು ನನಗೆ ಹೊತ್ತು ಹಿಡಿಯುತ್ತದೆ. ಅವನು ಕಾದ. ಸಂಬಂಧ ಅನ್ನುವ ಕಡೆ 'ಪಕ್ಕದ ಮನೆ' ಅಂತ ಬರೆದೆ.

"ಇದು ನಡೆಯಲ್ಲಮ್ಮ. ರಕ್ತಸಂಬಂಧ ಇರಬೇಕು." ದನಿ ತಗ್ಗಿಸಿದ. "ಅಕ್ಕ ಅಂತ ಬರೆದುಬಿಡಿ. ಅವರು ಹಾಗೇ ಕರೀತಾರಲ್ಲ. ಯಾರು ನೋಡ್ತಾರೆ?"

"ಸುಳ್ಳು ಬರೆಯಲ್ಲ ಸ್ವಾಮಿ. ನನಗೆ ಒಡಹುಟ್ಟಿದ ತಂಗಿ ಇದ್ದಾಳೆ. ನಾನು ಬಿದ್ದಿದ್ದು ಅವಳಿಗೆ ಗೊತ್ತಾಗಿದ್ದು ಎರಡು ತಿಂಗಳಾದ ಮೇಲೆ. ನಾನು ಪಕ್ಕದ ಮನೆ. ಅದಕ್ಕಿಂತ ಹತ್ತಿರದ್ದು ಯಾವುದು ಹೇಳಿ, ಬರೀತೀನಿ."

ಎಂಟನೆಯ ಮನೆಯ ಬಸ್ ಡ್ರೈವರು ಪೆನ್ನು ಕಸಿದುಕೊಂಡು ತಾನೂ 'ಪಕ್ಕದ ಮನೆ' ಅಂತ ಬರೆದ. ಪೇಂಟರು ಬಂದು ತಲೆ ಕೆರೆದುಕೊಂಡು, 'ಪಕ್ಕದ ಮನೆಯ ಪಕ್ಕದ ಮನೆ' ಅಂತ ಬರೆದ. ಆಮೇಲೆ ನಿಲ್ಲಿಸುವವರೇ ಇಲ್ಲ. ಮೂರನೆಯ ಮನೆಯವಳು ಬೆರಳು ಮಡಿಚಿ ಎಣಿಸಿ ಎಣಿಸಿ ನಾಲ್ಕು ಪಕ್ಕದ ಮನೆ ಬರೆದಳು. ಒಂದನೆಯ ಮನೆಯ ಮುದುಕನಿಗೆ ಆರು ಬರೆಯಬೇಕಾಯಿತು, ಕಾಗದದ ಅಂಚು ಮುಗಿದು ಹಿಂಬದಿಗೆ ಹೋಯಿತು. ನಾಲ್ಕನೆಯ ಮನೆಗೆ ಹೊಸದಾಗಿ ಬಂದವರೂ ಸೇರಿ ಹನ್ನೊಂದು ಸಹಿ ಬಿತ್ತು, ಅದರಲ್ಲಿ ಎರಡು ಹೆಬ್ಬೆಟ್ಟು.

ಗುಂಡಿಯಮ್ಮ ಇಷ್ಟು ಹೊತ್ತೂ ಎಲ್ಲರ ತುಟಿ ನೋಡುತ್ತ ನಿಂತಿದ್ದಳು. ಅವಳ ಕಣ್ಣು ಕೆಂಪಾಗಿತ್ತು. ದನಿ ಮಾತ್ರ ಎಂದಿನಂತೆ ಜೋರು: "ಮೂರನೇ ಮನೆಯವಳು ತಪ್ಪು ಬರೆದಿದ್ದಾಳೆ ನೋಡಪ್ಪ, 'ಕ'ಕ್ಕೆ ಒತ್ತು ಕೊಟ್ಟಿಲ್ಲ."

"ಇದನ್ನ ಮೇಲಿನವರು ವಾಪಸ್ ಕಳಿಸ್ತಾರೆ," ಅಂದ ಅಧಿಕಾರಿ. ಆದರೂ ಮಡಿಚಿ ಚೀಲದಲ್ಲಿ ಇಟ್ಟುಕೊಂಡ. ಗಾಡಿ ಖಾಲಿಯಾಗಿಯೇ ಹೋಯಿತು.

ಅವನು ಹೇಳಿದ್ದು ನಿಜವಾಯಿತು. ಸಂಬಂಧ ಸರಿಯಿಲ್ಲ ಅಂತ ಕೆಂಪು ಶಾಯಿಯಲ್ಲಿ ಬರೆದು ಕಾಗದ ವಾಪಸ್ ಬಂತು. ಎಲ್ಲರೂ ಮತ್ತೆ ಕೂತು ಅದನ್ನೇ ಬರೆದು ಕಳಿಸಿದೆವು. ಮತ್ತೆ ಬಂತು, ಮತ್ತೆ ಅದನ್ನೇ ಬರೆದೆವು. ಈವರೆಗೆ ಮೂರು ಸಲವಾಯಿತು. ಮೂರನೆಯ ಸಲ ನನ್ನ ಅಕ್ಷರ ಮೊದಲಿಗಿಂತ ದುಂಡಗಾಗಿದೆ ಅಂತ ಡ್ರೈವರು ಹೇಳಿದ. ಅದು ಇನ್ನೂ ವಾಪಸ್ ಬಂದಿಲ್ಲ. ಬರಲಿ.