ಒಂದು ಗೇಣು ನೆಲ

ಮೂರು ಸಾವಿರದ ಎಂಟುನೂರು ಕೇಳಿದರು, ಎರಡೂವರೆಗೆ ಮುಗಿಸಿದೆ. ಮಳವಳ್ಳಿ ಕಡೆಯ ಒಂದು ಶಾಲೆಯ ಹಿಂದೆ, ಮುರಿದ ಬೆಂಚುಗಳ ರಾಶಿಯ ಕೆಳಗೆ ಬಿದ್ದಿದ್ದ ಬ್ಯಾಸ್ಕೆಟ್‌ಬಾಲ್ ಹಲಗೆ ಅದು. ಮದ್ದೂರಿನಲ್ಲಿ ಹಳೆ ಮರದ ವ್ಯಾಪಾರ ಮಾಡುವ ನನ್ನ ಕಣ್ಣಿಗೆ ಎರಡೂವರೆಯೂ ದುಬಾರಿಯೇ. ಒಂದು ಮೂಲೆ ಗೆದ್ದಲು ತಿಂದಿದೆ, ಬೋಲ್ಟಿನ ತೂತುಗಳು ನಡುವಿಗೇ ಬಂದಿವೆ, ಯಾವ ಬಾಗಿಲಿಗೂ ಆಗುವುದಿಲ್ಲ. ಹಳೆ ತೇಗ ಕೊಳ್ಳುವಾಗ ಉಗುರಿನಿಂದ ಒಂದು ಚೂರು ಕೆರೆದು ಮೂಸಬೇಕು, ಬಣ್ಣ ಸುಳ್ಳು ಹೇಳಬಹುದು, ವಾಸನೆ ಹೇಳುವುದಿಲ್ಲ. ಹಾಗೆಯೇ ಕೆರೆದು ಮೂಸಿದೆ. ಹೊಂಗೆ ಎಣ್ಣೆ. ಅದರ ಹಿಂದೆ, ಎಷ್ಟೋ ಮಳೆ ಬಿಸಿಲು ತಿಂದ ಮೇಲೂ, ಸಕ್ಕರೆ ಕಾರ್ಖಾನೆಯ ಕಾಕಂಬಿಯ ಆ ಸುಟ್ಟ ಸಿಹಿ. ಕೈ ತಾನಾಗಿ ಹಲಗೆಯನ್ನು ಮಗುಚಿತು. ಹಿಂಬದಿಯಲ್ಲಿ ಉಳಿಯಿಂದ ಕೊರೆದ ‘ಜ’ ಇತ್ತು. ಬೇರೆಯವರು ಕೊಂಡಿದ್ದರೆ ಟೀ ಅಂಗಡಿಯ ಮುಂದೆ ಬೆಂಚಾಗುತ್ತಿತ್ತು. ಆಗಬಾರದು ಅನ್ನಿಸಿತು, ಕಾರಣ ಅಷ್ಟೇ. ಇಂಥ ಕಾರಣಕ್ಕೆ ದುಡ್ಡು ಹಾಕಬೇಡಿ ಎಂದು ನಾನೇ ನಾಲ್ಕು ಜನಕ್ಕೆ ಬುದ್ಧಿ ಹೇಳುವವಳು.

ಆ ಹಲಗೆ ನಿಂತಿದ್ದದ್ದು ಮಂಡ್ಯದ ಗುತ್ತಲಿನಲ್ಲಿ, ನಮ್ಮ ಚಿಕ್ಕಪ್ಪನ ಹಿತ್ತಿಲಿನಲ್ಲಿ. ಅಪ್ಪ ಅವ್ವ ನಮ್ಮೂರು ಕೊಪ್ಪದಲ್ಲಿ ಗದ್ದೆ, ಹಸು ನೋಡಿಕೊಂಡಿದ್ದರು. ಓದು ಎಂಬ ನೆಪದಲ್ಲಿ ನನ್ನನ್ನೂ ಆರು ವರ್ಷ ದೊಡ್ಡವಳಾದ ಜಯಕ್ಕನನ್ನೂ ಗುತ್ತಲಿನಲ್ಲಿ ಬಿಟ್ಟಿದ್ದರು. ಮನೆಯಲ್ಲಿದ್ದದ್ದು ನಾವಿಬ್ಬರು, ಅಜ್ಜಿ, ಮದುವೆಯಾಗದ ಚಿಕ್ಕಪ್ಪ. ಅವರು ಕಾರ್ಖಾನೆಯಲ್ಲಿ ಫಿಟ್ಟರ್. ಕಬ್ಬು ಅರೆಯುವ ತಿಂಗಳುಗಳಲ್ಲಿ ಅವರ ಅಂಗಿ, ಟವೆಲ್ಲು, ನಮ್ಮ ಹಾಸಿಗೆ, ಕಡೆಗೆ ಅಜ್ಜಿ ತಟ್ಟಿದ ರೊಟ್ಟಿ ಕೂಡ ಕಾಕಂಬಿ ವಾಸನೆ ಹೊಡೆಯುತ್ತಿತ್ತು. ಆದರೆ ಗುತ್ತಲಿನವರಿಗೆ ಅವರು ಫಿಟ್ಟರಲ್ಲ, ‘ಇಂಡಿಯಾಕ್ಕೆ ಆಡಿದೋರು’. ವಯಸ್ಸಿದ್ದಾಗ ದೇಶದ ತಂಡದಲ್ಲಿ ಎರಡು ಸಲ ಹೊರದೇಶಕ್ಕೆ ಹೋಗಿ ಬಂದಿದ್ದರು. ಆ ನೀಲಿ ಕೋಟು ನುಸಿಗುಳಿಗೆಯ ಜೊತೆ ಟ್ರಂಕಿನಲ್ಲಿತ್ತು. ವರ್ಷಕ್ಕೊಮ್ಮೆ ಬಿಸಿಲಿಗೆ ಹಾಕುವಾಗ ಮುಟ್ಟಲು ನಮಗೆ ಅಪ್ಪಣೆ ಸಿಗುತ್ತಿತ್ತು.

ಊಟಕ್ಕೆ ಮುಂಚೆ ಚಿಕ್ಕಪ್ಪ ಅಡುಗೆಮನೆಯ ನೆಲದಲ್ಲಿ ಐದು ಈರುಳ್ಳಿ ಇಟ್ಟುಕೊಂಡು ದೇಶದ ತಂಡದ ಕಥೆ ಹೇಳುತ್ತಿದ್ದರು. ದೊಡ್ಡ ಈರುಳ್ಳಿ ಅವರ ಕಾಲದ ಎತ್ತರದ ಆಟಗಾರ, ಮಿಲಿಟರಿಯವನು. ಉಳಿದ ನಾಲ್ವರು ಅವನಿಗೆ ಚೆಂಡು ಮುಟ್ಟಿಸಿದರೆ ಮುಗಿಯಿತು. “ಅವ್ನ ಮಂಡಿ ಓಯ್ತು, ತಂಡವೂ ಓಯ್ತು ಕಣವ್ವ. ಒಬ್ಬನ ಮಂಡಿ ಮೇಲೆ ಮನೆ ಕಟ್ಟಿದ್ವಿ,” ಎನ್ನುತ್ತಿದ್ದರು. ಹೆಂಗಸರ ತಂಡಕ್ಕೂ ಅದೇ ಗತಿ ಬಂದಿತ್ತಂತೆ. ಹಳಬರಿಗೆ ವಯಸ್ಸಾಯಿತು, ನಡೆಸುವವರು ಎರಡು ಪಂಗಡವಾಗಿ ಕಿತ್ತಾಡಿದರು, ಒಂದು ವರ್ಷ ತಂಡವನ್ನೇ ಕಳಿಸಲಿಲ್ಲ. ಆಮೇಲೆ ಬಂದ ಹೊಸ ಕೋಚು, ಹಳಬರೆಲ್ಲರನ್ನೂ ಬಿಟ್ಟು ಬುಡದಿಂದ ಕಟ್ಟುತ್ತೇನೆ ಎಂದರು. ಎತ್ತರ ನಮ್ಮಲ್ಲಿಲ್ಲ, ಹಾಗಾಗಿ ದೂರದಿಂದ ಗುರಿಯಿಟ್ಟು ಎಸೆಯುವ ಹುಡುಗಿಯರು ಬೇಕು. ಇಷ್ಟು ಹೇಳಿ ಚಿಕ್ಕಪ್ಪ ಒಂದು ಸಣ್ಣ ಈರುಳ್ಳಿಯನ್ನು ದೂರಕ್ಕೆ, ಹೊಸ್ತಿಲ ಹತ್ತಿರಕ್ಕೆ ತಳ್ಳುತ್ತಿದ್ದರು. ಅದು ಜಯಕ್ಕ. ಅಜ್ಜಿ ಒಲೆಯ ಮುಂದಿನಿಂದಲೇ, “ನಿನ್ ಇಂಡಿಯಾ ಆಟ ಮುಗುದ್ರೆ ಈರುಳ್ಳಿ ಕೊಡ್ಲಾ, ಸಾರಿಗೆ ಆಕ್ಬೇಕು,” ಎನ್ನುತ್ತಿದ್ದಳು.

ಹಿತ್ತಿಲಿನ ಆಟದ ಅಂಕಣವನ್ನು ಚಿಕ್ಕಪ್ಪ ಮಾಡಿದ್ದು ಜಯಕ್ಕನಿಗೆ ಆರು ವರ್ಷವಿದ್ದಾಗ. ಕಾರ್ಖಾನೆಯಲ್ಲಿ ಹಳೆ ಪೈಪು ಕೊಂಡು ಕಂಬ ನಿಲ್ಲಿಸಿದರು, ತೇಗದ ಹಲಗೆಗೆ ಹೊಂಗೆ ಎಣ್ಣೆ ಬಳಿದು ಹಿಂದೆ ‘ಜ’ ಕೊರೆದರು, ಸರಳು ಬಗ್ಗಿಸಿ ರಿಂಗು ಮಾಡಿದರು, ನೆಲದಿಂದ ಸರಿಯಾಗಿ ಹತ್ತಡಿ ಅಳೆದು ಬಿಗಿದರು. ಸಿಮೆಂಟು ಹಾಕಲು ಅಜ್ಜಿ ಬಿಡಲಿಲ್ಲ. “ಎಣ್ಮಕ್ಕಳು ಬಿದ್ರೆ ಮಂಡಿ ತರಚ್ಕಂಡು ಓಯ್ತದೆ. ನಮ್ಮ ಕಣದಂಗೆ ಮಾಡು,” ಎಂದಳು. ರಾಗಿ ಬಡಿಯುವ ಕಣವನ್ನು ಹೇಗೆ ಸಿದ್ಧ ಮಾಡುತ್ತಾರೋ ಹಾಗೆಯೇ ಮಾಡಿದರು. ಪ್ರತಿ ವರ್ಷ ಸುಗ್ಗಿಗೆ ಮುಂಚೆ ಕೊಪ್ಪದಿಂದ ಅಪ್ಪ ಒಂದು ಗಾಡಿ ಕೆರೆಗೋಡು ತರುತ್ತಿದ್ದ. ಕೆರೆಯ ತಳದ ಆ ಕಪ್ಪು ಮಣ್ಣನ್ನು ಹರಡಿ, ನೀರು ಚಿಮುಕಿಸಿ, ಗುಂಡುಕಲ್ಲು ಉರುಳಿಸಿ, ಮೇಲೆ ಸಗಣಿ ಬಗ್ಗಡ ಬಳಿದರೆ ಒಣಗಿದ ಮೇಲೆ ನೆಲ ತಮಟೆಯ ಚರ್ಮದಂತೆ ಬಿಗಿಯುತ್ತಿತ್ತು. ಚೆಂಡು ಬಿದ್ದರೆ ‘ದುಮ್’ ಎಂಬ ಸದ್ದು ಎದುರು ಬೀದಿಗೆ ಕೇಳುತ್ತಿತ್ತು. ಹಸಿ ಬಗ್ಗಡದ ಆ ತಂಪು ಅಂಗಾಲಿಗೆ ಈಗಲೂ ನೆನಪಿದೆ. ಹಬ್ಬ ಎಂದರೆ ನನಗೆ ಎಳ್ಳುಬೆಲ್ಲವಲ್ಲ, ಅಂಕಣ ಬಳಿಯುವ ಆ ದಿನ.

ಆ ನೆಲದ ಮೇಲೆ ಜಯಕ್ಕ ದೂರದಿಂದ ಎಸೆದರೆ ಹತ್ತಕ್ಕೆ ಒಂಬತ್ತು ಬೀಳುತ್ತಿತ್ತು. ಬೇರೆ ಊರಿಗೆ ಪಂದ್ಯಕ್ಕೆ ಹೋದರೆ ಮಾತ್ರ ಚೆಂಡು ರಿಂಗಿನ ಮುಂದಿನ ಅಂಚಿಗೆ ತಗುಲಿ ವಾಪಸು ಬರುತ್ತಿತ್ತು. ಕಸಿದುಕೊಳ್ಳುವುದರಲ್ಲಿ, ನುಗ್ಗಿ ಹೋಗಿ ರಿಂಗಿನ ಕೆಳಗಿಂದ ಹಾಕುವುದರಲ್ಲಿ ಅವಳಿಗೆ ಸಮ ಇರಲಿಲ್ಲ, ಹಾಗಾಗಿ ಜಿಲ್ಲೆಯ ತಂಡದಲ್ಲಿ ಜಾಗ ಉಳಿಯಿತು. ಆದರೆ ದೂರದ ಎಸೆತ ಹೊರಗೆ ಎಲ್ಲೂ ಕೂಡಿಬರಲಿಲ್ಲ. ನಾವೆಲ್ಲ ಸೇರಿ ಅದಕ್ಕೊಂದು ಹೆಸರಿಟ್ಟೆವು: ದಿಗಿಲು. “ಮನೇಲಿ ಹುಲಿ, ಬೀದೀಲಿ ಇಲಿ” ಎಂದು ನಾನೂ ಅಣಕಿಸುತ್ತಿದ್ದೆ. ಚಿಕ್ಕಪ್ಪ ಬೇಸರವಾದಾಗ, “ಪುಕ್ಲಿ ಕಣೆ ನೀನು, ಜನ ಕಂಡ್ರೆ ಕೈ ಸೋಲ್ತದೆ,” ಎಂದುಬಿಡುತ್ತಿದ್ದರು. ಅಜ್ಜಿ ತಾಯತ ಕಟ್ಟಿಸಿದಳು. ಏಳು ವರ್ಷ ಈ ಮಾತು ಕೇಳಿ ಜಯಕ್ಕನೂ ಅದನ್ನು ನಂಬಿದಳು. ಪಂದ್ಯಕ್ಕೆ ಹೊರಡುವ ಬೆಳಿಗ್ಗೆ ಬಚ್ಚಲಲ್ಲಿ ನಿಂತು ತನ್ನ ಕೈಯನ್ನು ತಾನೇ ನೋಡಿಕೊಳ್ಳುತ್ತಿದ್ದಳು, ನಡುಗುತ್ತಿದೆಯೇ ಎಂದು.

ಹೊಸ ಕೋಚು ಚಿಕ್ಕಪ್ಪನ ಜೊತೆ ಆಡಿದವರೇ. ಮೈಸೂರಿಗೆ ಹೋಗುವ ದಾರಿಯಲ್ಲಿ ಊಟಕ್ಕೆ ಇಳಿದವರು ಸಂಜೆ ಹಿತ್ತಿಲಿನಲ್ಲಿ ಜಯಕ್ಕ ಎಸೆಯುವುದನ್ನು ನೋಡುತ್ತ ನಿಂತುಬಿಟ್ಟರು. ಒಂದಾದ ಮೇಲೊಂದು, ಬಲೆ ಸರಕ್ಕೆನ್ನುತ್ತ ಚೆಂಡು ಬಿತ್ತು. “ಇಂಥ ಕೈ ಮನೇಲಿ ಇಟ್ಕೊಂಡು ಸುಮ್ಮನಿದ್ದೀಯಲ್ಲೋ,” ಎಂದರು. ಹದಿನೈದು ದಿನಕ್ಕೆ ಪತ್ರ ಬಂತು. ಬೆಂಗಳೂರಿನಲ್ಲಿ ಒಂದು ತಿಂಗಳ ಶಿಬಿರ, ಮೂವತ್ತು ಹುಡುಗಿಯರು, ಕಡೆಗೆ ಹನ್ನೆರಡು ಜನರ ಪಟ್ಟಿ. ಹೊಸ ತಂಡ. ಚಿಕ್ಕಪ್ಪ ಟ್ರಂಕು ತೆಗೆದು ನೀಲಿ ಕೋಟನ್ನು ಮಡಿಸಿ ಅವಳ ಚೀಲದ ತಳಕ್ಕೆ ಇಟ್ಟರು. “ಹಾಕ್ಕಬ್ಯಾಡ, ಸುಮ್ನೆ ಜೊತೇಲಿರ್ಲಿ,” ಎಂದರು.

ಎರಡನೇ ವಾರ ಎದುರುಮನೆಯ ಮೇಷ್ಟ್ರ ಮನೆಗೆ ಫೋನು ಬಂತು. ಆ ಬೀದಿಯಲ್ಲಿ ಫೋನಿದ್ದದ್ದು ಅವರ ಮನೆಯಲ್ಲಿ ಮಾತ್ರ. ಚಿಕ್ಕಪ್ಪನ ಜೊತೆ ನಾನೂ ಓಡಿದೆ. ಫೋನಿನಿಂದ ಜಯಕ್ಕನ ದನಿ ನನಗೂ ಕೇಳುತ್ತಿತ್ತು. “ಚಿಕ್ಕಪ್ಪ, ಇಲ್ಲಿ ರಿಂಗು ಎತ್ತರ ಅದೆ ಅನ್ಸುತ್ತೆ.” ಚಿಕ್ಕಪ್ಪ ನಕ್ಕರು. “ಭೂಮಿ ಮ್ಯಾಲೆಲ್ಲ ಹತ್ತಡೀನೇ ಕಣವ್ವ. ದಿಗಿಲು ಬುಡು.” ಮನೆಗೆ ಬಂದು ಅದನ್ನೇ ಹೇಳಿದಾಗ ಅಜ್ಜಿ ಮೊರದಿಂದ ತಲೆ ಎತ್ತಲಿಲ್ಲ. “ಅಳ್ದು ನೋಡ್ಲಾ. ನಿಮ್ಮಪ್ಪನ ಗಂಟೇನಾದ್ರೂ ಓಯ್ತದಾ?” ಎಂದಳು. ಚಿಕ್ಕಪ್ಪ ಏಣಿ ಹಾಕಿದರು. ಸ್ಟೀಲು ಟೇಪಿನ ತುದಿಯನ್ನು ನೆಲಕ್ಕೆ ಒತ್ತಿ ಹಿಡಿದವಳು ನಾನು. ಅವರು ಒಮ್ಮೆ ಓದಿದರು, ಇಳಿದರು, ಟೇಪಿನ ತುದಿ ನೋಡಿದರು, ಮತ್ತೆ ಹತ್ತಿದರು. ಒಂಬತ್ತಡಿ ಮೂರಂಗುಲ. ರಿಂಗು ಕೆಳಗೆ ಬಂದಿರಲಿಲ್ಲ. ಹನ್ನೆರಡು ಸುಗ್ಗಿ, ಸುಗ್ಗಿಗೊಂದು ಬೆರಳಿನಷ್ಟು ಮಣ್ಣು. ನೆಲವೇ ಒಂದು ಗೇಣು ಮೇಲೆ ಬಂದಿತ್ತು. ಚಿಕ್ಕಪ್ಪ ಏಣಿಯ ಕೆಳಗಿನ ಮೆಟ್ಟಿಲ ಮೇಲೆ ಕುಳಿತು ಅಂಗೈಯಿಂದ ನೆಲವನ್ನು ಸವರಿದರು, ಹಸುವಿನ ಬೆನ್ನು ಸವರಿದ ಹಾಗೆ.

“ರಿಂಗ್ ಮ್ಯಾಲಕ್ಕೆ ಹಾಕ್ಬುಟ್ರೆ ಆಯ್ತಲ್ಲ ಚಿಕ್ಕಪ್ಪ,” ಎಂದೆ.

“ರಿಂಗು ಅದರ ಜಾಗದಾಗೇ ಅದೆ. ಮ್ಯಾಲೆ ಬಂದಿರೋರು ನಾವು,” ಎಂದು ಎದ್ದು ಗುದ್ದಲಿ ತಂದರು.

ಆ ದಿನವೇ ಚಿಕ್ಕಪ್ಪ ಫೋನು ಮಾಡಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಮಾಡಲಿಲ್ಲ. “ಈಗ ಹೇಳಿದ್ರೆ ಅವ್ಳ ಮನ್ಸು ಕೆಡ್ತದೆ, ಪಟ್ಟಿ ಬರ್ಲಿ,” ಎಂದರು. ಅದು ಅರ್ಧ ನಿಜ. ಇನ್ನರ್ಧ, ಹಳೆ ಜೊತೆಗಾರನಿಗೆ ಗೇಣು ಕಡಿಮೆಯ ಹಿತ್ತಿಲು ತೋರಿಸಿ ಹುಡುಗಿಯನ್ನು ಕಳಿಸಿದೆನಲ್ಲ ಎಂಬ ನಾಚಿಕೆ. ಅಜ್ಜಿ ಬೈದಳು, ಅವರು ಕೇಳಲಿಲ್ಲ. ನನ್ನ ಕಡೆ ತಿರುಗಿ, “ನೀನೂ ಹೇಳ್ಬ್ಯಾಡ,” ಎಂದರು. ನನಗೆ ಹನ್ನೆರಡು ವರ್ಷ. ಎದುರಿಗಿರುವವರಿಗೆ ಯಾವುದು ಬೇಕೇ ಬೇಕು ಎಂಬುದು ನನಗೆ ಆಗಲೇ ಕಾಣುತ್ತಿತ್ತು. “ಹೇಳಲ್ಲ. ನಂಗೂ ಜಯಕ್ಕನಂಥ ಬಿಳೀ ಶೂ ಕೊಡಿಸ್ಬೇಕು,” ಎಂದೆ. ಮರುದಿನ ಪೇಟೆಬೀದಿಯಿಂದ ಶೂ ಬಂತು. ನಾನು ಕುದುರಿಸಿದ ಮೊದಲ ವ್ಯಾಪಾರ ಅದು.

ಚಿಕ್ಕಪ್ಪ ದಿನಾ ಕಾರ್ಖಾನೆಯಿಂದ ಬಂದು ಬೆಳಕಿರುವವರೆಗೆ ಅಗೆಯುತ್ತಿದ್ದರು. ಗುದ್ದಲಿ ಕಡಿದ ಕಡೆ ಮಣ್ಣಿನ ಪದರಗಳು ಕಾಣುತ್ತಿದ್ದವು, ಕಪ್ಪು ಗೋಡು, ಅದರ ಮೇಲೆ ಸಗಣಿಯ ಹಸಿರುಗಂದು ಗೆರೆ, ಮತ್ತೆ ಗೋಡು, ಮತ್ತೆ ಗೆರೆ. ಒಂದು ಗೆರೆಯಲ್ಲಿ ನನ್ನ ಬಳೆಚೂರು ಸಿಕ್ಕಿತು, ಇನ್ನೊಂದರಲ್ಲಿ ಅಜ್ಜಿ ಕಳೆದುಕೊಂಡಿದ್ದ ಎಲೆಯಡಿಕೆ ಡಬ್ಬಿಯ ಮುಚ್ಚಳ. ನಮ್ಮ ಅಷ್ಟೂ ಹಬ್ಬಗಳನ್ನು ಬುಟ್ಟಿಗೆ ತುಂಬಿ ಹೊರಗೆ ಸುರಿದ ಹಾಗಿತ್ತು.

ಮತ್ತೆ ಫೋನು ಬಂದಾಗ ಚಿಕ್ಕಪ್ಪ ಕಾರ್ಖಾನೆಯಲ್ಲಿದ್ದರು, ನಾನು ಹೋದೆ. “ಪುಟ್ಟಿ, ನಮ್ ರಿಂಗು ಅಳ್ದ್ರೇನೇ?” ಜಯಕ್ಕನ ದನಿ ಸಣ್ಣಗಾಗಿತ್ತು.

“ಅಳ್ದ್ರು ಕಣಕ್ಕ.”

“ಎಷ್ಟದೆ?”

ಮೇಷ್ಟ್ರ ಹೆಂಡತಿ ಹೂ ಕಟ್ಟುತ್ತ ನನ್ನನ್ನೇ ನೋಡುತ್ತಿದ್ದರು. ನಾನು ನನ್ನ ಶೂ ನೋಡಿಕೊಂಡು, “ಹತ್ತಡಿ,” ಎಂದೆ.

“ಸರಿ ಬುಡು. ಅಂಗಾದ್ರೆ ತಪ್ಪು ನಂದೇ,” ಎಂದು ಜಯಕ್ಕ ಫೋನು ಇಟ್ಟಳು.

ತಿಂಗಳ ಕೊನೆಗೆ ಅವಳು ಚೀಲದೊಂದಿಗೆ ಬಂದಳು. ಹನ್ನೆರಡರಲ್ಲಿ ಅವಳ ಹೆಸರಿರಲಿಲ್ಲ. ನನ್ನ ಫೋನಿನ ಮಾತು ನಂಬಿ ಅವಳೇ ಕೋಚಿನ ಹತ್ತಿರ ಹೋಗಿ, ಮನೆಯಲ್ಲೂ ಹತ್ತಡಿಯೇ ಇದೆ, ತಪ್ಪು ತನ್ನ ದಿಗಿಲಿನದು ಎಂದು ಒಪ್ಪಿಕೊಂಡಿದ್ದಳಂತೆ. ದಿಗಿಲಿನ ಹುಡುಗಿಯನ್ನು ಯಾರು ತಾನೇ ಹೊಸ ತಂಡಕ್ಕೆ ತೆಗೆದುಕೊಳ್ಳುತ್ತಾರೆ? ನೆಲದ ವಿಷಯ ತಿಳಿದ ಮೇಲೆ ಕೋಚು ಚಿಕ್ಕಪ್ಪನಿಗೆ ಬರೆದ ಪತ್ರದಲ್ಲಿ ಒಂದೇ ಸಾಲು ನನಗೆ ನೆನಪಿದೆ: ಮೊದಲೇ ಹೇಳಿದ್ದರೆ ಎಂಟು ದಿನದಲ್ಲಿ ಸರಿಮಾಡುತ್ತಿದ್ದೆ.

ಹಿತ್ತಿಲ ಬಾಗಿಲಲ್ಲಿ ನಿಂತು ಜಯಕ್ಕ ಒಂದು ಗೇಣು ತಗ್ಗಿಗೆ ಇಳಿದಿದ್ದ ಅಂಕಣವನ್ನು ನೋಡಿದಳು. ಚಿಕ್ಕಪ್ಪ ಟವೆಲ್ಲನ್ನು ಕೈಯಲ್ಲಿ ಹಿಂಡುತ್ತ, “ನೆಲ ಮ್ಯಾಲೆ ಬಂದ್ಬುಟ್ಟಿತ್ತು ಕಣವ್ವ,” ಎಂದರು.

“ಯಾವಾಗ ಗೊತ್ತಾಯ್ತು?”

ಅವರು ಬಗ್ಗಿ ಗುದ್ದಲಿಯನ್ನು ಎತ್ತಿ ಗೋಡೆಗೆ ಒರಗಿಸಿದರು. ಉತ್ತರ ನಾನು ಕೊಟ್ಟೆ. “ನೀನು ಮೊದ್ಲು ಫೋನ್ ಮಾಡಿದ್ಯಲ್ಲ, ಅವತ್ತೇ.”

ಅವಳು ನನ್ನ ಕಾಲು ನೋಡಿದಳು. ಬೈಯುತ್ತಾಳೆ ಅಂದುಕೊಂಡೆ. ಹೊಸ್ತಿಲ ಮೇಲೆ ಕುಳಿತು, ಎರಡೂ ಕೈ ಮುಂದಕ್ಕೆ ಚಾಚಿ, ಬಹಳ ಹೊತ್ತು ನೋಡಿಕೊಂಡು, “ಅಂಗಾದ್ರೆ ನಾನು ಪುಕ್ಲಿ ಅಲ್ಲ,” ಎಂದಳು. ಆಮೇಲೆ ಅತ್ತಳು. ಅಜ್ಜಿ ಬಂದು ಪಕ್ಕದಲ್ಲಿ ಕುಳಿತು ತಾಯತದ ದಾರವನ್ನು ಹಲ್ಲಿನಿಂದ ಕಡಿದಳು.

ಹೊಸ ತಂಡ ಹೊರದೇಶಕ್ಕೆ ಹೋದದ್ದನ್ನು ಮೇಷ್ಟ್ರ ಮನೆಯ ಟೀವಿಯಲ್ಲಿ ನೋಡಿದೆವು. ಆ ಸಲ ಸೋತರು, ಮರುವರ್ಷ ಕಡಿಮೆ ಸೋತರು, ಅದರ ಮರುವರ್ಷ ಗೆದ್ದರು. ತಂಡ ನಿಜವಾಗಿಯೂ ಬುಡದಿಂದ ಎದ್ದಿತು. ಜಯಕ್ಕ ಒಬ್ಬೊಬ್ಬಳನ್ನೂ ತೋರಿಸಿ, “ಇವ್ಳು ನನ್ ರೂಮಿನೋಳು. ಇವ್ಳಿಗೆ ಮುದ್ದೆ ನುಂಗೋದು ಕಲಿಸ್ದೋಳು ನಾನು,” ಎನ್ನುತ್ತಿದ್ದಳು. ಚಿಕ್ಕಪ್ಪ ಒಳಗೆ ಬರುತ್ತಿರಲಿಲ್ಲ, ಮೇಷ್ಟ್ರ ಮನೆಯ ಬಾಗಿಲಿಗೆ ಒರಗಿ ನಿಂತೇ ನೋಡುತ್ತಿದ್ದರು. ಅವಳಿಗೆ ಮತ್ತೆ ಕರೆ ಬರಲಿಲ್ಲ. ಮಳವಳ್ಳಿ ಕಡೆಯ ಕಿರುಗಾವಲಿಗೆ ಮದುವೆಯಾಗಿ ಹೋದಳು, ಹಿತ್ತಿಲಿನ ಹಲಗೆಯನ್ನೂ ಒಯ್ದು ಅಲ್ಲಿಯ ಶಾಲೆಯಲ್ಲಿ ಮಕ್ಕಳಿಗೆ ಆಟ ಕಲಿಸಿದಳು. ಒಮ್ಮೆಯೂ ಆ ಫೋನಿನ ಮಾತು ಎತ್ತಲಿಲ್ಲ. ಅಜ್ಜಿ ಹೋದಳು, ಚಿಕ್ಕಪ್ಪ ಹೋದರು, ಗುತ್ತಲಿನ ಮನೆ ಇದ್ದ ಜಾಗದಲ್ಲಿ ಈಗ ಮೂರಂತಸ್ತು ಎದ್ದಿದೆ. ಹೋದ ವರ್ಷ ಜಯಕ್ಕನೂ ಹೋದಳು. ಆ ಶೂಗಳನ್ನು ನಾನು ಎರಡು ವರ್ಷ ಮೆಟ್ಟಿದೆ. ಒಳ್ಳೆಯ ಮಾಲು, ಬಾಳಿಕೆ ಬಂತು. ಇದನ್ನು ಹೇಳಿಕೊಳ್ಳಬೇಕಾದವಳು ಇದ್ದಾಗ ಹೇಳಲಿಲ್ಲ, ನಿಮಗೆ ಹೇಳುತ್ತಿದ್ದೇನೆ.

ನಿಮ್ಮ ಮನೆಯಲ್ಲಿ ಆಡುವ ಮಗುವಿದ್ದರೆ ಇಷ್ಟು ಮಾಡಿ. ಒಂದು ಸ್ಟೀಲು ಟೇಪು ಕೊಳ್ಳಿ, ಬಟ್ಟೆಯದು ಬೇಡ, ಅದು ಜಗ್ಗುತ್ತದೆ. ನೆಲದಿಂದ ರಿಂಗಿನ ಮೇಲಂಚಿನವರೆಗೆ ವರ್ಷಕ್ಕೆರಡು ಸಲ ಅಳೆಯಿರಿ, ಮಣ್ಣಿನ ನೆಲವಾದರೆ ಮಳೆಗಾಲದ ನಂತರ ಇನ್ನೊಂದು ಸಲ. ಅಳೆಯುವ ಮುಂಚೆ ಮಗುವಿಗೆ ಯಾವ ಹೆಸರನ್ನೂ ಇಡಬೇಡಿ. ಲೆಕ್ಕ ತಪ್ಪಿದ್ದರೆ ಗುದ್ದಲಿ ಆಮೇಲೆ ಹಿಡಿಯಿರಿ, ನೆಲ ಎಲ್ಲಿಗೂ ಹೋಗುವುದಿಲ್ಲ. ಮೊದಲು ಹೋಗಿ ಆ ಮಗುವಿಗೆ ಹೇಳಿ. ಅವತ್ತೇ ಹೇಳಿ.