ಸತ್ತ ಅಣ್ಣನ ಹೆಸರಿನ ರಸೀದಿಗಳು

ಕಬ್ಬಿಣದ ದಾಸ್ತಾನು ಅಂಗಳದಲ್ಲಿ ಅವನನ್ನು ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಎಲ್ಲರಿಗೂ ಅವನು ಮೇಲಣ್ಣ. ಆರು ಮಹಡಿ ಎತ್ತರದ ಕ್ರೇನಿನ ಗಾಜಿನ ಗೂಡಿನಲ್ಲಿ ಕುಳಿತು, ಲಾರಿಗಳಿಂದ ಕಂಬಿಗಳ ಹೊರೆಗಳನ್ನು ಎತ್ತಿ ಇಳಿಸುತ್ತ ಹತ್ತೊಂಬತ್ತು ವರ್ಷ ಕಳೆದಿದ್ದ. "ಮೇಲಿರೋನು ಕೈಬಿಟ್ರೆ ನಮ್ಮ ಕಥೆ ಮುಗೀತು" ಎಂದು ಕೆಳಗಿನವರು ತಮಾಷೆ ಮಾಡಿ ನಗುತ್ತಿದ್ದರು. ಅವನೂ ನಗುತ್ತಿದ್ದ. ಎರಡು ವರ್ಷಗಳಿಂದೀಚೆಗೆ ಮಾತ್ರ ಆ ಮಾತು ಕಿವಿಗೆ ಬಿದ್ದಾಗಲೆಲ್ಲ ಅವನು ಬೇರೆ ವಿಷಯ ತೆಗೆಯುತ್ತಿದ್ದ.

ಅದು ಶುರುವಾದದ್ದು ಒಂದು ಬೆಳಿಗ್ಗೆ. ಖಾಲಿ ಕೊಕ್ಕೆಯನ್ನು ಲಾರಿಯತ್ತ ತಿರುಗಿಸುತ್ತಿದ್ದಾಗ ಬಾಯೊಳಗೆ ಹಳೆಯ ನಾಣ್ಯ ಚೀಪಿದಂಥ ರುಚಿ ಬಂತು. ಮರುಕ್ಷಣ ರೇಡಿಯೋದಲ್ಲಿ ಕೊಕ್ಕೆಯವನ ಕೂಗು ಕೇಳಿಸಿತು. ಕೆಳಗೆ ನಿಂತು ಹೊರೆಗೆ ಸರಪಳಿ ಸುತ್ತಿ, ಕೊಕ್ಕೆ ಸಿಕ್ಕಿಸಿ, ಕೈಸನ್ನೆ ಮಾಡುವವನು ಅವನು. ಮೇಲಣ್ಣನಿಗೆ ಕೆಲಸಕ್ಕೆ ಸೇರಿದ ದಿನದಿಂದಲೂ ಜೊತೆಗಾರ.

"ಏನಯ್ಯಾ, ನಿದ್ದೆ ಹೊಡೀತಿದೀಯಾ? ಐದು ಸಲ ಕೈ ಬೀಸ್ದೆ!"

ಮೇಲಣ್ಣನಿಗೆ ಒಂದು ಸಲ ಬೀಸಿದ್ದೂ ಕಂಡಿರಲಿಲ್ಲ. ಕಣ್ಣು ತೆರೆದೇ ಇತ್ತು. ನಡುವಿನ ಅರ್ಧ ನಿಮಿಷ ಮಾತ್ರ ಯಾರೋ ಕತ್ತರಿಸಿಕೊಂಡು ಹೋದಂತೆ ಇಲ್ಲವಾಗಿತ್ತು.

ಊರಿನ ಇನ್ನೊಂದು ತುದಿಯ ಆಸ್ಪತ್ರೆಗೆ ಹೋದ. ಒಳಗೆ ಹೋಗುವ ಮೊದಲು ಬಾಗಿಲಲ್ಲಿ ಕಾಲು ಗಂಟೆ ನಿಂತ. ಅವನ ಆರೋಗ್ಯ ಕಾರ್ಡಿನ ನಂಬರೂ ಕ್ರೇನ್ ಪರವಾನಗಿಯ ನಂಬರೂ ಒಂದೇ. ಆಸ್ಪತ್ರೆಯ ಕಂಪ್ಯೂಟರಿನಲ್ಲಿ 'ಮೂರ್ಛೆ' ಎಂಬ ಪದ ಬಿದ್ದರೆ ವಾರದೊಳಗೆ ಪರವಾನಗಿ ಕಚೇರಿಗೆ ಸುದ್ದಿ ಮುಟ್ಟುತ್ತದೆ. ಲಾರಿ ಓಡಿಸುವ ಒಬ್ಬನಿಗೆ ಹಾಗೇ ಆಗಿ ಅವನು ಈಗ ಕಾವಲುಗಾರನಾಗಿದ್ದ. ಕಿಟಕಿಯಾಚೆ ಕುಳಿತ ಹುಡುಗಿ "ನಂಬರ್ ಹೇಳಿ" ಎಂದಾಗ ಮೇಲಣ್ಣನ ಬಾಯಿಂದ ಅಣ್ಣನ ನಂಬರು ಬಂದುಬಿಟ್ಟಿತು. ಅಣ್ಣ ಪರವೂರಿನಲ್ಲಿ ತೀರಿಕೊಂಡು ಆಗಲೇ ನಾಲ್ಕು ವರ್ಷವಾಗಿತ್ತು, ಆ ಸಾವಿನ ಸುದ್ದಿ ಈ ಆಸ್ಪತ್ರೆಯ ಕಂಪ್ಯೂಟರಿಗೆ ಮುಟ್ಟಿರಲಿಲ್ಲ. ಅವನ ಕಾಯಿಲೆಯ ಓಡಾಟವೆಲ್ಲ ತಮ್ಮನದೇ ಆಗಿದ್ದರಿಂದ ಆ ಹನ್ನೊಂದು ಅಂಕಿಗಳು ಬಾಯಿಪಾಠವಾಗಿದ್ದವು. ಇಬ್ಬರ ಹೆಸರಿನ ಮೊದಲಕ್ಷರವೂ ಒಂದೇ. ರಸೀದಿಯಲ್ಲಿ ಅಚ್ಚಾಗುತ್ತಿದ್ದದ್ದೂ ಮೊದಲಕ್ಷರ, ಮನೆತನದ ಹೆಸರು, ನಂಬರು ಅಷ್ಟೇ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ, ಎರಡು ವರ್ಷ ಆ ನಂಬರಿನಲ್ಲೇ ಮಾತ್ರೆ ತಂದು ನುಂಗಿದ. ಆ ರುಚಿ ಕಡಿಮೆಯಾಯಿತೇ ಹೊರತು ಪೂರ್ತಿ ಹೋಗಲಿಲ್ಲ. ಹೆಂಡತಿಗೆ ಹೇಳಿದ್ದು, "ಕಿವಿ ಒಳಗಿಂದು ಏನೋ ತೊಂದ್ರೆಯಂತೆ, ತಲೆ ಸುತ್ತುತ್ತೆ" ಎಂದು.

ಹೆಂಡತಿ ಶಾಲೆಯೊಂದರ ಕಚೇರಿಯಲ್ಲಿ ಗುಮಾಸ್ತೆ. ಮನೆಯ ಕಾಗದಪತ್ರವೆಲ್ಲ ಅವಳ ಕೈಯಲ್ಲೇ. ಗಂಡನಿಗೆ ಅರ್ಜಿ ಎಂದರೆ ಅಲರ್ಜಿ, ಹೆಂಡತಿಗೆ ಅದೊಂದು ಹುರುಪು. ಒಂದು ಸಂಜೆ ಊಟಕ್ಕೆ ತಟ್ಟೆ ಇಡುತ್ತ ಅವಳು ಹೇಳಿದಳು:

"ನಿಮ್ಮ ಔಷಧಿ ಚೀಟಿ ಎಲ್ಲಾ ಡಬ್ಬದಲ್ಲಿ ಹಾಗೇ ಬಿದ್ದಿತ್ತಲ್ಲ, ಅದನ್ನ ತೆರಿಗೆ ಅರ್ಜಿಗೆ ಸೇರಿಸಿ ಕಳಿಸ್ಬಿಟ್ಟೆ. ಸ್ವಂತ ಖರ್ಚಲ್ಲಿ ಚಿಕಿತ್ಸೆ ಮಾಡಿಸ್ಕೊಂಡ್ರೆ ರಿಯಾಯಿತಿ ಸಿಗುತ್ತಂತೆ. ನಮ್ಮ ಹೆಡ್‌ಮೇಡಂಗೆ ಹೋದ ವರ್ಷ ಸಿಕ್ತು."

ಮೇಲಣ್ಣ ತನ್ನತ್ತ ಎಳೆದುಕೊಳ್ಳುತ್ತಿದ್ದ ತಟ್ಟೆಯನ್ನು ಅಲ್ಲೇ ಬಿಟ್ಟ.

"ಯಾರು ಕಳಿಸು ಅಂದ್ರು ನಿಂಗೆ?"

"ಯಾಕೆ, ನಮ್ಮ ದುಡ್ಡು ನಾವು ಕೇಳೋಕೆ ಯಾರ ಅಪ್ಪಣೆ ಬೇಕು?" ಎಂದು ಅವಳು ನಕ್ಕಳು. ಗಂಡನ ಮುಖ ನೋಡಿ ನಗು ನಿಲ್ಲಿಸಿದಳು. "ಏನಾಯ್ತು, ತಲೆ ಸುತ್ತುತ್ತಿದ್ಯಾ?"

"ಹೂಂ" ಎಂದ. ಆ ಹೊತ್ತಿಗೆ ಅದು ನಿಜವೂ ಆಗಿತ್ತು.

ಅಂದಿನಿಂದ ಅಂಚೆಯವಳ ಸೈಕಲ್ ಗಂಟೆ ಕೇಳಿದರೆ ಸಾಕು, ಅವನು ಮಾಡುತ್ತಿದ್ದ ಕೆಲಸ ಬಿಟ್ಟು ಎದ್ದುಬಿಡುತ್ತಿದ್ದ. ರಜೆಯ ದಿನ ಅವಳು ಓಣಿಯ ತಿರುವಿನಲ್ಲಿ ಕಾಣಿಸಿಕೊಳ್ಳುವ ಮೊದಲೇ ಗೇಟಿನ ಬಳಿ ನಿಂತು, ಇಲ್ಲದ ಕಳೆ ಕೀಳುತ್ತಿದ್ದ. ಅಂಗಳದ ಮೇಲ್ವಿಚಾರಕ "ಸ್ವಲ್ಪ ಬಂದು ಹೋಗು" ಎಂದರೆ ಮೆಟ್ಟಿಲು ಇಳಿಯುವಷ್ಟರಲ್ಲಿ ಅಂಗಿಯ ಬೆನ್ನು ಒದ್ದೆಯಾಗುತ್ತಿತ್ತು. ಕರೆದದ್ದು ರಜೆಪಟ್ಟಿಗೆ ಸಹಿ ಹಾಕಲಿಕ್ಕಾಗಿರುತ್ತಿತ್ತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನ ಪಾಡು.

ಐದನೆಯ ವಾರ ಪತ್ರ ಬಂತು. ಅವನು ಕೆಲಸದಲ್ಲಿದ್ದ ಹೊತ್ತಿನಲ್ಲಿ ಬಂದದ್ದರಿಂದ ಹೆಂಡತಿಯೇ ಒಡೆದಿದ್ದಳು. ಮೂಲ ರಸೀದಿಗಳೊಂದಿಗೆ ಖುದ್ದಾಗಿ ಬರಬೇಕು. ಕಾಯಿಲೆ ಏನೆಂದು ಡಾಕ್ಟರ ಪ್ರಮಾಣಪತ್ರ ತರಬೇಕು. ಈ ಖರ್ಚನ್ನು ನಾವು ಕೊಟ್ಟಿಲ್ಲ ಎಂದು ಕೆಲಸದ ಸ್ಥಳದಿಂದ ಬರೆಸಿ ತರಬೇಕು.

"ನಾನೇ ಹೋಗಿ ಬರ್ತೀನಿ, ನಿಮ್ಗೆ ಒಂದು ಪಾಳಿ ಯಾಕೆ ಹಾಳು" ಎಂದಳು.

"ಬೇಡ!" ಎಂದ. ದನಿ ಅವನಿಗೇ ಗಾಬರಿಯಾಗುವಷ್ಟು ದೊಡ್ಡದಾಗಿತ್ತು. "ಬೇಡ. ನಾನೇ ಹೋಗ್ತೀನಿ."

ಪ್ರಮಾಣಪತ್ರವೂ ಇಲ್ಲದೆ, ಅಂಗಳದ ಪತ್ರವೂ ಇಲ್ಲದೆ, ಬರೀ ರಸೀದಿಗಳ ಕವರು ಹಿಡಿದು ಹೋದ. ತೆರಿಗೆ ಕಚೇರಿಯ ಮೂರನೆಯ ಮಹಡಿಯಲ್ಲಿ ಉದ್ದನೆಯ ಬೆಂಚು, ಗೋಡೆಯ ಮೇಲೆ ಸರದಿ ನಂಬರು ತೋರಿಸುವ ಕೆಂಪು ದೀಪ. ಅರ್ಜಿ ಹಿಂದಕ್ಕೆ ಪಡೆದರಾಯಿತು, ಅಷ್ಟೇ ತಾನೇ, ಎಂದು ಮನಸ್ಸಿಗೆ ಸಮಾಧಾನ ಹೇಳುತ್ತ ಕುಳಿತ.

ಮೇಜಿನಾಚೆ ಇದ್ದ ಅಧಿಕಾರಿಣಿ ಐವತ್ತರ ಹೆಂಗಸು. ನೆಗಡಿಯಾಗಿ ಮೂಗು ಕೆಂಪಾಗಿತ್ತು. ಕರವಸ್ತ್ರವನ್ನು ತೋಳಿನೊಳಗೆ ತುರುಕಿಕೊಂಡು, ರಸೀದಿಗಳನ್ನು ಒಂದೊಂದಾಗಿ ನೋಡಿ, ಕಂಪ್ಯೂಟರಿನತ್ತ ತಿರುಗಿ, ಮತ್ತೆ ಇವನನ್ನು ನೋಡಿದಳು.

"ಈ ನಂಬರು ನಿಮ್ದಾ?"

"ಅದು... ಅಣ್ಣಂದು."

"ನಿಮ್ಮಣ್ಣ ತೀರ್ಕೊಂಡು ಆರು ವರ್ಷ ಆಯ್ತು ಅಂತ ತೋರಿಸ್ತಿದೆ ಇಲ್ಲಿ. ಹೋದ ತಿಂಗಳು ಮಾತ್ರೆ ತಗೊಂಡೋರು ಯಾರು?"

ಪಕ್ಕದ ಮೇಜಿನಲ್ಲಿ ಯಾರೋ ದಪ್ಪ ಕಡತಕ್ಕೆ ಠಪ್ಪೆಂದು ಮುದ್ರೆ ಒತ್ತಿದರು. ಮೇಲಣ್ಣ ಕುರ್ಚಿಯಲ್ಲೇ ಬೆಚ್ಚಿದ.

"ಮಾರಾಟಕ್ಕೆ ಸಿಗೋ ರಸೀದಿ ತಂದು ತೋರಿಸೋರು ಬೇಕಾದಷ್ಟು ಜನ ಬರ್ತಾರೆ ಇಲ್ಲಿಗೆ. ಅದು ಸುಳ್ಳು ಅರ್ಜಿ ಆಗುತ್ತೆ. ದಂಡ, ಅದರ ಮೇಲೆ..." ಎನ್ನುತ್ತ ಅವಳು ಇನ್ನೊಂದು ರಸೀದಿ ಎತ್ತಿಕೊಂಡಳು. ಮಾತು ಅಲ್ಲಿಗೇ ನಿಂತಿತು. ಮಾತ್ರೆಯ ಹೆಸರನ್ನು ಎರಡು ಸಲ ಓದಿದಳು. ದನಿ ತಗ್ಗಿತು.

"ಈ ಮಾತ್ರೆ ನನ್ನ ಮಗಳೂ ತಗೋತಾಳೆ. ಹನ್ನೆರಡು ವರ್ಷದಿಂದ."

ಆಮೇಲೆ ಅರ್ಜಿಯ ಮೊದಲ ಪುಟಕ್ಕೆ ಹೋಗಿ, ಉದ್ಯೋಗ ಎಂಬಲ್ಲಿ ಹೆಂಡತಿ ತನ್ನ ದುಂಡು ಅಕ್ಷರದಲ್ಲಿ ಬರೆದಿದ್ದನ್ನು ಓದಿದಳು. ಪೆನ್ನು ಕೆಳಗಿಟ್ಟಳು. ಮೇಲಣ್ಣನಿಗೆ ಅವಳು ಬೈದಿದ್ದರೆ ಚೆನ್ನಾಗಿತ್ತು ಅನಿಸಿತು.

"ಕ್ರೇನ್ ಕೆಳಗೆ ಯಾರು ನಿಂತಿರ್ತಾರೆ?"

"ಕೊಕ್ಕೆ ಹಾಕೋನು. ನನ್ನ ಸ್ನೇಹಿತ."

"ಅವರಿಗೆ ಗೊತ್ತಾ?"

ಅವನು ಇಲ್ಲವೆಂದು ತಲೆ ಅಲ್ಲಾಡಿಸಿದ.

"ಇಲ್ಲಿ ನೋಡಿದ್ದನ್ನ ಹೊರಗೆ ಹೇಳೋ ಹಕ್ಕು ನಮಗಿಲ್ಲ" ಎಂದಳು. "ಅರ್ಜಿ ವಾಪಸ್ ತಗೊಂಡ್ರೆ ಈ ಕಡತ ಮುಚ್ಚುತ್ತೆ. ಯಾರೂ ನಿಮ್ಮನ್ನ ಕೇಳಲ್ಲ. ವಾಪಸ್ ಬೇಡ ಅಂದ್ರೆ ನಿಮ್ಮ ಸ್ವಂತ ಹೆಸರಲ್ಲಿ ಡಾಕ್ಟರ ಪತ್ರ ತನ್ನಿ, ನಡೆದದ್ದು ನಡೆದ ಹಾಗೆ ಬರೆದುಕೊಡಿ. ಹತ್ತು ದಿನ ಟೈಮ್ ಕೊಡ್ತೀನಿ. ಯಾವುದು ಅಂತ ನಾನು ಹೇಳೋ ಹಾಗಿಲ್ಲ." ಮೂಗು ಒರೆಸಿಕೊಂಡಳು. "ಮಗಳಿಗೆ ಸೈಕಲ್ ಕೂಡ ಕೊಡಿಸಿಲ್ಲ ನಾನು. ಹೋಗಿ ಬನ್ನಿ."

ಬಯಸಿದ ದಾರಿ ಸಿಕ್ಕಿತ್ತು. ಒಂದು ಸಹಿ ಹಾಕಿದ್ದರೆ ಮುಗಿಯುತ್ತಿತ್ತು. ಆದರೂ ಹಾಕದೆ ಎದ್ದು ಬಂದ. ನಾಳೆ ಹಾಕೋಣ ಎಂದುಕೊಂಡ, ನಾಡಿದ್ದು ಎಂದುಕೊಂಡ. ಭಯ ಈಗ ಜಾಗ ಬದಲಿಸಿತ್ತು. ಮೊದಲು ಅಂಚೆಯವಳನ್ನು ಕಂಡರೆ ಹೆದರುತ್ತಿದ್ದವನು ಈಗ ಕೆಳಗೆ ಕಾಣುವ ಹಳದಿ ಶಿರಸ್ತ್ರಾಣವನ್ನು ಕಂಡರೆ ಹೆದರತೊಡಗಿದ. ಅಷ್ಟು ಎತ್ತರದಿಂದ ಕೊಕ್ಕೆಯವನ ತಲೆ ಒಂದು ಅಂಗಿಗುಂಡಿಯಷ್ಟೇ ಕಾಣುತ್ತಿತ್ತು.

ನಾಲ್ಕನೆಯ ದಿನ, ಮಧ್ಯಾಹ್ನದ ಪಾಳಿ. ಎರಡು ಟನ್ ಹೊರೆ ನೆಲದಿಂದ ಎದ್ದು ತೊಲೆಗಳ ಅಟ್ಟಿಯತ್ತ ಸಾಗುತ್ತಿತ್ತು. ಬಾಯಲ್ಲಿ ಆ ರುಚಿ ಬಂತು. ಕೈ ಬಿಟ್ಟರೆ ಸಾಕು, ಕ್ರೇನ್ ತಾನಾಗಿ ನಿಲ್ಲುತ್ತದೆ, ಅಷ್ಟು ನೆನಪಾಯಿತು. ಬೆರಳು ಬಿಚ್ಚಲು ಹೋದ.

ಮತ್ತೆ ಲೋಕ ಕಂಡಾಗ ಅವನ ಕೈ ಸನ್ನೆಕೋಲನ್ನು ಮುಷ್ಟಿ ಕಟ್ಟಿ ಹಿಡಿದೇ ಇತ್ತು. ಹೊರೆ ನಿಲ್ಲಬೇಕಾದ ಗೆರೆಯನ್ನು ದಾಟಿ ನಾಲ್ಕು ಮಾರು ಮುಂದೆ ಹೋಗಿ, ಅಟ್ಟಿಯ ನೆತ್ತಿಯ ಮೇಲೆ ತೂಗಾಡುತ್ತಿತ್ತು. ಕೊಕ್ಕೆಯವನು ನಿಂತಿದ್ದ ಜಾಗದಲ್ಲಿ ಯಾರೂ ಇರಲಿಲ್ಲ.

"ಎಲ್ಲಿದೀಯಾ?" ಎಂದ ರೇಡಿಯೋಗೆ. ಉತ್ತರವಿಲ್ಲ. "ಲೋ, ಎಲ್ಲಿದೀಯೋ? ಮಾತಾಡೋ!"

ಗಾಜಿಗೆ ಹಣೆ ಒತ್ತಿ ನೋಡಿದ. ನೆಲದ ಮೇಲೆ ಹಳದಿ ಶಿರಸ್ತ್ರಾಣ ಮಗುಚಿ ಬಿದ್ದಿತ್ತು. ಅದರೊಳಗೆ ತಲೆ ಇದೆಯೋ ಇಲ್ಲವೋ ತಿಳಿಯಲಿಲ್ಲ. ಎಷ್ಟು ಹೊತ್ತೋ, ಅಟ್ಟಿಯ ಹಿಂದಿನಿಂದ ಒಂದು ಕೈ ಮೇಲೆದ್ದಿತು. ಆಮೇಲೆ ಬರಿತಲೆಯ ಕೊಕ್ಕೆಯವನು ಮೊಣಕೈ ಹಿಡಿದುಕೊಂಡು ಎದ್ದು ನಿಂತ.

ಹೊರೆ ಇಳಿಸಿ ಮೇಲಣ್ಣ ಕೆಳಗೆ ಬಂದಾಗ ಕೊಕ್ಕೆಯವನ ಮೊಣಕೈಯಿಂದ ರಕ್ತ ಸೋರುತ್ತಿತ್ತು. ಪಕ್ಕಕ್ಕೆ ಎಗರಿ ಬಿದ್ದದ್ದರಿಂದ ತಲೆ ಉಳಿದಿತ್ತು.

"ಬ್ರೇಕ್ ಹಿಡೀಲಿಲ್ಲ ಅಲ್ವಾ? ಆ ಮೆಕ್ಯಾನಿಕ್ ಹೋದ ವಾರ ಸರಿ ಮಾಡಿದ್ದೀನಿ ಅಂದ! ಇವತ್ತು ಅವನನ್ನ ಬಿಡಲ್ಲ ನಾನು, ಬರೆದು ಕೊಡ್ತೀನಿ."

ಮೇಲಣ್ಣ ಅವನ ಮೊಣಕೈಗೆ ತನ್ನ ಕರವಸ್ತ್ರ ಸುತ್ತಿದ. "ನಾಳೆ ಬೆಳಿಗ್ಗೆವರೆಗೂ ಏನೂ ಬರೀಬೇಡ" ಎಂದಷ್ಟೇ ಹೇಳಿ, ಮೇಲ್ವಿಚಾರಕನ ಹತ್ತಿರ ಹುಷಾರಿಲ್ಲವೆಂದು ರಜೆ ಕೇಳಿ, ನೇರ ಆಸ್ಪತ್ರೆಗೆ ಹೋದ. ಎರಡು ವರ್ಷದಿಂದ ತನ್ನನ್ನು ನೋಡುತ್ತಿದ್ದ ನರಗಳ ಡಾಕ್ಟರ ಮುಂದೆ ಕುಳಿತು, ತನ್ನ ಕಾರ್ಡನ್ನು ಮೊದಲ ಸಲ ಮೇಜಿನ ಮೇಲಿಟ್ಟ.

ಡಾಕ್ಟರು ಎಲ್ಲ ಕೇಳಿಸಿಕೊಂಡು, ಅಣ್ಣನ ಹಳೆಯ ದಾಖಲೆಯನ್ನು ತೆರೆದು ನೋಡಿ ಕನ್ನಡಕ ತೆಗೆದರು.

"ನಿಮ್ಮಣ್ಣನಿಗೆ ಮೂತ್ರಪಿಂಡದ ಕಾಯಿಲೆ ಇತ್ತಾ?"

"ಇತ್ತು. ಅದರಲ್ಲೇ ಹೋದ."

"ಈ ನಂಬರಿನ ಮನುಷ್ಯನಿಗೆ ಮೂತ್ರಪಿಂಡ ಸರಿ ಇಲ್ಲ ಅಂತ ನಾನು ಎರಡು ವರ್ಷದಿಂದ ಅರ್ಧ ಡೋಸ್ ಕೊಡ್ತಾ ಬಂದಿದೀನಿ! ರಕ್ತ ಪರೀಕ್ಷೆ ಮಾಡಿಸಿ ಅಂದಾಗಲೆಲ್ಲ ನೀವು ತಪ್ಪಿಸ್ಕೊಂಡ್ರಿ. ಅಣ್ಣನ ಕಾಯಿಲೆಗೆ ತಮ್ಮ ಔಷಧಿ ತಗೊಂಡ ಹಾಗಾಯ್ತು ಇದು."

ಪರೀಕ್ಷೆಯಲ್ಲಿ ಗುಟ್ಟು ಹೊರಬಿದ್ದೀತು ಎಂದೇ ಮೇಲಣ್ಣ ತಪ್ಪಿಸಿಕೊಂಡಿದ್ದ. ಡಾಕ್ಟರು ಹೊಸ ಚೀಟಿ ಬರೆದರು, ಪ್ರಮಾಣಪತ್ರವನ್ನೂ ಬರೆದರು. ಒಂದು ವರ್ಷ ಎತ್ತರ ಹತ್ತುವಂತಿಲ್ಲ, ಯಂತ್ರ ಮುಟ್ಟುವಂತಿಲ್ಲ. ಅದರ ಒಂದು ಪ್ರತಿ ಪರವಾನಗಿ ಕಚೇರಿಗೆ ಹೋಗುತ್ತದೆ ಎಂದೂ ಹೇಳಿದರು.

ಹೆಂಡತಿಗೆ ಅಡುಗೆಮನೆಯಲ್ಲಿ ನಿಂತುಕೊಂಡೇ ಹೇಳಿದ. ಅವಳು ಪೂರ್ತಿ ಕೇಳಿಸಿಕೊಂಡಳು. ಮೂರ್ಛೆಯ ಮಾತಿಗೆ ಕೋಪ ಬರಲಿಲ್ಲ.

"ಎರಡು ವರ್ಷ ಪಕ್ಕದಲ್ಲೇ ಇದ್ನಲ್ಲ ನಾನು, ನನ್ನ ಹತ್ರಾನೂ ಹೇಳ್ಬಾರ್ದು ಅನ್ನಿಸ್ತಾ?" ಎಂದಳು. "ನೀವು ಮೇಲಿಂದ ಬಿದ್ದು ಹೋಗಿದ್ರೆ ನಾನು ಯಾರನ್ನ ಕೇಳ್ಬೇಕಿತ್ತು, ಕಿವಿ ಡಾಕ್ಟ್ರನ್ನಾ?"

ಎರಡು ದಿನ ಅವಳು ಬೇಕಾದಷ್ಟೇ ಮಾತಾಡಿದಳು. ಮೂರನೆಯ ದಿನ ತಾನೇ ಕಾಗದ ತೆಗೆದುಕೊಂಡು ಕುಳಿತು, "ಹೇಳಿ, ಮೊದಲಿಂದ ಹೇಳಿ, ಬರ್ಕೋತೀನಿ" ಎಂದು ತೆರಿಗೆ ಕಚೇರಿಗೆ ವಿವರಣೆ ಬರೆದಳು.

ಅಂಗಳದಲ್ಲಿ ಹೇಳಿದ್ದು ಘಟನೆಯ ಮರುದಿನ ಬೆಳಿಗ್ಗೆಯೇ. ಮೇಲ್ವಿಚಾರಕ ಕೂಗಾಡಿದ, ಆಮೇಲೆ ನೀರು ಕುಡಿದ, ಆಮೇಲೆ ಮೇಲಿನವರಿಗೆ ಫೋನ್ ಮಾಡಿದ. ಕೆಲಸ ಹೋಗಲಿಲ್ಲ, ತಾನಾಗಿ ಬಂದು ಹೇಳಿದ್ದನ್ನು ಲೆಕ್ಕಕ್ಕೆ ತೆಗೆದುಕೊಂಡು ಸಾಮಾನು ಕೋಣೆಗೆ ಹಾಕಿದರು. ಸಂಬಳ ಕಾಲುಭಾಗ ಇಳಿಯಿತು. ಬ್ರೇಕ್ ಮೆಕ್ಯಾನಿಕ್ ಬಾಗಿಲಲ್ಲಿ ನಿಂತು, "ನನ್ನ ಅನ್ನಕ್ಕೆ ಕಲ್ಲು ಬೀಳ್ತಿತ್ತು, ತಪ್ಪಿಸ್ದೆ" ಎಂದು ಹೇಳಿ ಹೋದ. ಹೊಗಳಿದನೋ ಬೈದನೋ ಮೇಲಣ್ಣನಿಗೆ ತಿಳಿಯಲಿಲ್ಲ.

ಸುದ್ದಿ ಕೇಳಿದಾಗ ಕೊಕ್ಕೆಯವನ ಮುಖ ಬಿಳಚಿಕೊಂಡಿತಂತೆ. ಹೋಗಿ ಲಾರಿಯ ಮೆಟ್ಟಿಲ ಮೇಲೆ ಬಹಳ ಹೊತ್ತು ಕುಳಿತಿದ್ದನಂತೆ. ಎದುರಿಗೆ ಸಿಕ್ಕರೆ ಪಕ್ಕದ ದಾರಿ ಹಿಡಿಯುತ್ತಿದ್ದ. ಮೇಲಣ್ಣನಿಗೆ ಅದರಷ್ಟು ಹೆದರಿಕೆ ಇನ್ನಾವುದೂ ಹುಟ್ಟಿಸಲಿಲ್ಲ. ಇವನು ಒಂದು ದಿನ ಬಂದು ಕೇಳೇ ಕೇಳುತ್ತಾನೆ, ಆಗ ಏನು ಹೇಳಲಿ?

ತೆರಿಗೆ ಕಚೇರಿ ಹಳೆಯ ರಸೀದಿಗಳನ್ನೆಲ್ಲ ತಳ್ಳಿಹಾಕಿತು. ಸ್ವಂತ ನಂಬರಿನಲ್ಲಿ ಕೊಂಡದ್ದಕ್ಕೆ ಮಾತ್ರ ಮುಂದಿನ ವರ್ಷ ರಿಯಾಯಿತಿ ಕೇಳಬಹುದು. ಸುಳ್ಳು ನಂಬರಿಗೆ ಚಿಕ್ಕ ದಂಡ. ಕೆಳಗೆ ಅಧಿಕಾರಿಣಿಯ ಸಹಿ ಇತ್ತು, ಬೇರೆ ಒಂದು ಮಾತೂ ಇರಲಿಲ್ಲ. ಪೂರ್ತಿ ಡೋಸಿನ ಮೇಲೆ ಆ ರುಚಿ ಮತ್ತೆ ಬರಲಿಲ್ಲ. ಆದರೂ ಬಿಸಿ ಚಹಾ ಗುಟುಕರಿಸಿದಾಗಲೆಲ್ಲ ಒಂದು ಕ್ಷಣ ತಡೆದು, ಬಾಯೊಳಗೆ ಏನಿದೆ ಎಂದು ಪರೀಕ್ಷಿಸುವುದು ಅವನಿಗೆ ರೂಢಿಯಾಯಿತು.

ಎರಡು ತಿಂಗಳ ಮೇಲೆ ಕೊಕ್ಕೆಯವನು ಕೈಗವಸು ಕೇಳಲು ಸಾಮಾನು ಕೋಣೆಯ ಕಿಟಕಿಗೆ ಬಂದ. ಮೇಲಣ್ಣ ಅಳತೆ ಕೇಳದೆಯೇ ಒಂದು ಜೊತೆ ತೆಗೆದು ಮುಂದಿಟ್ಟ.

"ಎಷ್ಟು ಸಲ?" ಎಂದ ಕೊಕ್ಕೆಯವನು.

"ಏನು?"

"ನಾನು ಕೆಳಗಿದ್ದಾಗ. ಎಷ್ಟು ಸಲ ಬಂತು?"

ಒಂದು ಎನ್ನಬಹುದಿತ್ತು.

"ಏಳು" ಎಂದ ಮೇಲಣ್ಣ.

ಕೊಕ್ಕೆಯವನು ಕೈಗವಸನ್ನು ಒಂದೊಂದೇ ಬೆರಳಿಗೆ ಎಳೆದು ಹಾಕಿಕೊಂಡ. "ಈಗ ಹೊಸಬಳು ಬಂದಿದಾಳೆ ಮೇಲಕ್ಕೆ. ದಿನಾ ಬೆಳಿಗ್ಗೆ ಕೇಳ್ತೀನಿ, ಹುಷಾರಾಗಿದೀಯೇನಮ್ಮಾ ಅಂತ. ಇವನೇನು ಡಾಕ್ಟ್ರಾ ಅಂತ ನಗ್ತಾಳೆ." ನೋಂದಣಿ ಪುಸ್ತಕವನ್ನು ತನ್ನತ್ತ ಎಳೆದುಕೊಂಡು ಸಹಿ ಹಾಕಿದ. "ನಿನ್ನನ್ನ ಒಂದು ದಿನವೂ ಕೇಳಿರ್ಲಿಲ್ಲ ನೋಡು."

ಅಷ್ಟು ಹೇಳಿ ಅವನು ಬಿಸಿಲಿಗೆ ಇಳಿದು ಹೋದ.