ಬದಲಿ ಬರುವವರೆಗೆ

ಮಾವನ ಬಲಗೈ ಬೆರಳುಗಳು ಪೂರ್ತಿ ಬಿಚ್ಚುತ್ತಿರಲಿಲ್ಲ. ಕಾಫಿ ಕುಡಿದು ಲೋಟ ಕೆಳಗಿಟ್ಟ ಮೇಲೂ ಕೈ ಲೋಟ ಹಿಡಿದ ಹಾಗೇ ಇರುತ್ತಿತ್ತು. ನಂದಿದುರ್ಗ ಅನ್ನುವ ಚಿನ್ನದ ಗಣಿಯಲ್ಲಿ ಆಳುಗಳನ್ನು ಕೇಜಿನಲ್ಲಿ ಇಳಿಸಿ ಮೇಲೆತ್ತುವ ಯಂತ್ರದ ಡ್ರೈವರ್ ಅವರು. ಲಿವರ್ ಹಿಡಿದು ಹಿಡಿದು ಹಾಗಾದ ಕೈ. ನೆಂಟರೇನಲ್ಲ, ಗಣಿ ಕೆಲಸದವರ ಸಾಲುಮನೆಗಳ ಲೈನಿನಲ್ಲಿ ನಮ್ಮ ಪಕ್ಕದ ಮನೆಯವರು.

ನಾನು ಚಿಕ್ಕವನಿದ್ದಾಗ ಒಂದು ಸಲ ಬದಲಿ ಡ್ರೈವರ್ ಬರಲೇ ಇಲ್ಲ. ಮಾವನಿಗೆ ಮೈ ಸುಡುವ ಜ್ವರ. ಆದರೂ ತಮ್ಮ ಪಾಳಿಯ ಮೇಲೆ ಎರಡನೇ ಪಾಳಿಯೂ ಮುಗಿದು ಕೊನೆಯ ಆಳು ಮೇಲೆ ಬರುವವರೆಗೆ ಜಾಗ ಬಿಟ್ಟು ಏಳಲಿಲ್ಲ. ಅವತ್ತು ಕೆಳಗಿದ್ದವರಲ್ಲಿ ನಮ್ಮಪ್ಪನೂ ಒಬ್ಬರು. ಯಾಕೆ ಹಾಗೆ ಕೂತಿರಿ ಅಂತ ಕೇಳಿದರೆ, "ಬದ್ಲಿ ಬರೋಗಂಟ ಕುಂತಿರೋನೇ ಡ್ರೈವರ್ ಕಣ್ಲಾ" ಅನ್ನುತ್ತಿದ್ದರು, ಅಷ್ಟೇ.

ಗಣಿ ಮುಚ್ಚಿದ ಮೇಲೆ ಅವರಿಗೆ ಉಳಿದದ್ದು ಒಂದೇ ಆಸೆ. ಲೈನಿನ ಆ ಪುಟ್ಟ ಮನೆಯ ಹಕ್ಕುಪತ್ರ, ಸಾಯುವುದರೊಳಗೆ. ನಮ್ಮ ಕಡೆಯ ಮಂತ್ರಿ ಮಾತು ಕೊಟ್ಟಿದ್ದ. ಅಷ್ಟರಲ್ಲಿ ಸರ್ಕಾರ ಬಿತ್ತು. ಪೇಪರ್ ನಾನೇ ಓದಿ ಹೇಳಿದೆ: ಬಿದ್ದವರೇ ಹಂಗಾಮಿಯಾಗಿ ಮುಂದುವರಿಯುತ್ತಾರಂತೆ, ಎದುರು ಪಕ್ಷಕ್ಕೆ ಹಾರಿದವರ ಖಾತೆಗಳನ್ನು ಉಳಿದವರಿಗೆ ಹಂಚಿದ್ದಾರಂತೆ, ನಮ್ಮ ಮಂತ್ರಿಗೆ ಹಕ್ಕುಪತ್ರ ಕೊಡುವ ಕಂದಾಯ ಖಾತೆಯೂ ಸಿಕ್ಕಿದೆಯಂತೆ. ಮಾವನ ಮುಖ ಅರಳಿತು.

"ಬದ್ಲಿ ಬರೋಗಂಟ ಅವ್ರೇ ತಾನೇ? ಅಂಗಾರೆ ನಮ್ ಕೆಲ್ಸ ಆಯ್ತದೆ ಬುಡು."

ಗಣಿಯ ಲೆಕ್ಕದಲ್ಲಿ ಸರ್ಕಾರವನ್ನು ಅಳೆದರು, ಪುಣ್ಯಾತ್ಮ. ಗೋಡೆಗೆ ಸುಣ್ಣ ಬೇರೆ ಹೊಡೆಸಿದರು.

ಮಂತ್ರಿ ಬಂಗಾರಪೇಟೆಯ ಪ್ರವಾಸಿ ಮಂದಿರಕ್ಕೆ ಬಂದ ದಿನ ರಾಬರ್ಟ್‌ಸನ್‌ಪೇಟೆಯಲ್ಲಿ ಬಸ್ಸು ಹತ್ತಿ ಇಬ್ಬರೂ ಹೋದೆವು. ಮಧ್ಯಾಹ್ನದವರೆಗೆ ಕಾಯಿಸಿದ.

"ನಾವೀಗ ಹಂಗಾಮಿ ಅಜ್ಜಾ. ಸಹಿ ಹಾಕೋ ಹಾಗಿಲ್ಲ. ಮುಂದೆ ಬರೋರನ್ನ ಕೇಳು" ಅಂದ.

ಮಾವ ಅಲ್ಲಾಡಲಿಲ್ಲ. "ಅಂಗಾರೆ ಆ ಜಾಗದಾಗೆ ಯಾಕ್ ಸ್ವಾಮಿ ಕುಂತಿದ್ದೀರಾ? ಕೆಳಗೆ ಜನ ಅವ್ರೆ."

ಪೊಲೀಸಿನವನು ಅವರ ರಟ್ಟೆ ಹಿಡಿದು ಎಳೆದು ತಂದು ಗೇಟಿನಾಚೆ ಬಿಟ್ಟ. ಅದೇ ವಾರ ಮಂತ್ರಿಯ ಭಾಮೈದನನ್ನು ಯಾವುದೋ ನಿಗಮದಲ್ಲಿ ಕೂರಿಸುವ ಆದೇಶ ಹೊರಬಿತ್ತು. ಅದಕ್ಕೆ ಹಂಗಾಮಿ ಅನ್ನುವುದು ಅಡ್ಡ ಬರಲಿಲ್ಲ.

ಹೊಸ ಸಂಪುಟ ಪ್ರಮಾಣವಚನ ತೆಗೆದುಕೊಂಡ ವಾರವೇ ಮಾವ ತೀರಿಕೊಂಡರು. ಅಷ್ಟರಲ್ಲಿ ತಾನೂ ಪಕ್ಷ ಬದಲಿಸಿದ್ದ ನಮ್ಮ ಮಂತ್ರಿ ಈ ಸಂಪುಟದಲ್ಲೂ ಇದ್ದ. ಹಕ್ಕುಪತ್ರ ಬರಲಿಲ್ಲ, ಇನ್ನೂ ಬಂದಿಲ್ಲ.

ಹೆಣಕ್ಕೆ ಸ್ನಾನ ಮಾಡಿಸುವಾಗ ಮಡಿಸಿಕೊಂಡೇ ಇದ್ದ ಆ ಬೆರಳುಗಳನ್ನು ಯಾರೋ ಬಿಡಿಸಲು ಹೋದರು. ನಮ್ಮಪ್ಪ ಅಳುತ್ತಾ ತಡೆದರು.

"ಎಳೀಬೇಡ್ರೋ. ಅವತ್ತು ಈ ಕೈ ಬುಟ್ಟಿದ್ರೆ ನಾನಿಲ್ಲಿ ಇರ್ತಿರ್ಲಿಲ್ಲ."